ಪುಕ್ಕಲರ ಕೋಲು

ಫೆಬ್ರವರಿ 3, ಮಂಗಳವಾರ

ಅಳತೆ ಪುಸ್ತಕದ ಹಿಂದಿನ ಪುಟಗಳಿಂದ ಬರೆಯಲು ಶುರು ಮಾಡಿದ್ದೇನೆ. ಮುಂದಿನಿಂದ ಗಿರಾಕಿಗಳ ಎದೆ, ಸೊಂಟ, ತೋಳಿನ ಉದ್ದ. ಹಿಂದಿನಿಂದ ನನ್ನ ಹೆದರಿಕೆ. ಎರಡೂ ನಡುವೆ ಎಲ್ಲೋ ಕೂಡುವಷ್ಟರಲ್ಲಿ ಇವರ ಕೈ ಸರಿಹೋದರೆ ಸಾಕು.

ಇಪ್ಪತ್ತೆರಡು ದಿನ ಆಸ್ಪತ್ರೆಯಲ್ಲಿದ್ದು ಇವರು ಇವತ್ತು ಮನೆಗೆ ಬಂದರು. ತಲೆಯ ರಕ್ತನಾಳ ಕಟ್ಟಿಕೊಂಡು ಬಲಗೈ ಸೋತಿದೆ. ಕಾಲು ಸ್ವಲ್ಪ ಎಳೆಯುತ್ತದೆ, ಆದರೆ ನಡೆಯುತ್ತಾರೆ. ಮಾತು ಒಂದೊಂದಾಗಿ ಬರುತ್ತದೆ, ನಡುವೆ ನಾನು ಕಾಯಬೇಕು. ಬಾಗಿಲು ದಾಟಿದವರು ಹಾಸಿಗೆಯ ಕಡೆ ನೋಡಲಿಲ್ಲ, ಕುರ್ಚಿಯ ಕಡೆ ನೋಡಲಿಲ್ಲ. ನೆಟ್ಟಗೆ ಹಿತ್ತಲಿನ ಶೆಡ್ಡಿನ ಕಡೆ ನೋಡಿದರು.

ಆ ಶೆಡ್ಡಿನಲ್ಲಿ ಇವರು ಮೂವತ್ತು ವರ್ಷದಿಂದ ಮಾದರಿ ವಿಮಾನಗಳ ಇಂಜಿನ್ ರಿಪೇರಿ ಮಾಡುತ್ತಿದ್ದಾರೆ. ಮುಷ್ಟಿಯಷ್ಟು ಇಂಜಿನ್ನು. ಮುಷ್ಟಿಯಷ್ಟೇ ಎಂದು ಸದರ ಕೊಡುವ ಹಾಗಿಲ್ಲ. ಮೂತಿಗೆ ಸಿಕ್ಕಿಸಿದ ಪ್ರೊಪೆಲರನ್ನು ನಿಮಿಷಕ್ಕೆ ಹತ್ತು ಹದಿನೈದು ಸಾವಿರ ಸುತ್ತು ತಿರುಗಿಸುತ್ತದೆ. ಒಂಬತ್ತು ವರ್ಷದ ಹಿಂದೆ ಇವರ ಎಡಗೈಯ ತೋರುಬೆರಳು ಅದಕ್ಕೆ ಸಿಕ್ಕಿತ್ತು. ನಾನು ಹೊಲಿಯುತ್ತಿದ್ದ ಬಿಳಿ ಅಂಗಿಯ ತೋಳನ್ನೇ ಹರಿದು ಸುತ್ತಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಏಳು ಹೊಲಿಗೆ. ಅದು ನಾನು ಹಾಕಿದ್ದಲ್ಲ, ಆದರೂ ಒಂದೊಂದೂ ನನಗೆ ನೆನಪಿದೆ. ಅಂದಿನಿಂದ ಇಂಜಿನ್ ಓಡುವಾಗ ನಾನು ಶೆಡ್ಡಿನ ಹೊಸಿಲು ದಾಟಿಲ್ಲ.

ಆಗ ಇವರ ಎರಡೂ ಕೈ ಚುರುಕಾಗಿದ್ದವು. ಆಗಲೇ ಹಾಗಾಯಿತು.

ಫೆಬ್ರವರಿ 6, ಶುಕ್ರವಾರ

ಬೆಳಿಗ್ಗೆ ಹನ್ನೊಂದಕ್ಕೆ ತಲೆಯೆತ್ತಿ ನೋಡಿದರೆ ಕುರ್ಚಿ ಖಾಲಿ. ಅರ್ಧ ಹೊಲಿದ ಪರದೆ ಎಳೆದುಕೊಂಡೇ ಓಡಿದೆ. ಇವರು ಶೆಡ್ಡಿನಲ್ಲಿ ನಿಂತಿದ್ದರು. ಎಡಗೈಯಿಂದ ಬಲಗೈಯನ್ನು ಎತ್ತಿ, ಸಾಮಾನು ಇಡುವ ಹಾಗೆ ಪ್ರೊಪೆಲರಿನ ಮೇಲೆ ಇಟ್ಟಿದ್ದರು.

"ಏನ್ರೀ ಮಾಡ್ತಿದ್ದೀರಿ?"

"ಕೈಗೆ... ನೆನಪಿದೆಯಾ ಅಂತ... ನೋಡ್ತಿದ್ದೆ."

ಟ್ಯಾಂಕು ಖಾಲಿಯಿತ್ತು, ಬ್ಯಾಟರಿ ಸಿಕ್ಕಿಸಿರಲಿಲ್ಲ. ಆದರೂ ಆ ಕೈಯನ್ನು ಎತ್ತಿ ಪಕ್ಕಕ್ಕೆ ಇಟ್ಟೆ. ಇಂಜಿನ್ ಹೊತ್ತಿಸುವುದೆಂದರೆ ಬೆರಳಿನಿಂದ ಪ್ರೊಪೆಲರಿಗೆ ಪೆಟ್ಟು ಕೊಟ್ಟು ತಕ್ಷಣ ಕೈ ತೆಗೆಯಬೇಕು. ಆ ತಕ್ಷಣ ಅನ್ನುವುದು ಈಗ ಇವರ ಬಲಗೈಯಲ್ಲಿ ಇಲ್ಲ. ಬಿಸಿ ಟೀ ಲೋಟ ಮುಟ್ಟಿದರೂ ಅದಕ್ಕೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಇದಕ್ಕೊಂದು ಸಾಧನವಿದೆ. ಒಂದು ಗೇಣುದ್ದದ ಮರದ ಕೋಲು, ತುದಿಗೆ ರಬ್ಬರ್ ಕೊಳವೆ. ಬೆರಳಿನ ಬದಲು ಅದರಿಂದ ಪೆಟ್ಟು ಕೊಡಬಹುದು. ಶೆಡ್ಡಿನ ಮೊಳೆಗೆ ಒಂದು ತೂಗುತ್ತಲೇ ಇದೆ. ಹಾರಿಸುವವರ ಕ್ಲಬ್ಬಿನಲ್ಲಿ ಎಲ್ಲರೂ ಅದನ್ನು ಪುಕ್ಕಲರ ಕೋಲು ಅನ್ನುತ್ತಾರೆ. ಆ ಹೆಸರಿಟ್ಟವರು ಇವರೇ. ಏಳು ಹೊಲಿಗೆ ಬಿದ್ದ ಮೇಲೂ ಅದನ್ನು ಮುಟ್ಟಲಿಲ್ಲ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದು.

ಇವರು ಮಧ್ಯಾಹ್ನ ಮಲಗಿದಾಗ ಒಂದು ಕೆಲಸ ಮಾಡಿದೆ. ಇಂಜಿನ್ನಿನ ತಲೆಯ ಮೇಲೆ ಒಂದು ಪುಟ್ಟ ಪ್ಲಗ್ ಇರುತ್ತದೆ. ಅದರೊಳಗಿನ ತಂತಿ ಕೆಂಪಗೆ ಕಾದರೆ ಮಾತ್ರ ಇಂಜಿನ್ ಹೊತ್ತಿಕೊಳ್ಳುವುದು. ಕಾಯಿಸಲು ಬ್ಯಾಟರಿಯಿಂದ ಬರುವ ಒಂದು ಕ್ಲಿಪ್ಪು ಸಿಕ್ಕಿಸಬೇಕು, ಓಡಲು ಶುರುವಾದ ಮೇಲೆ ತೆಗೆಯಬಹುದು. ಆ ಕ್ಲಿಪ್ಪನ್ನು ತಂದು ನನ್ನ ಗುಂಡಿ ಡಬ್ಬಿಯ ತಳದಲ್ಲಿ ಹಾಕಿ, ಮೇಲೆ ಗುಂಡಿ ಸುರಿದು ಮುಚ್ಚಳ ಬಿಗಿದೆ.

ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಕಳ್ಳತನ.

ಫೆಬ್ರವರಿ 8, ಭಾನುವಾರ

ಹುಡುಕುತ್ತಿದ್ದಾರೆ.

"ಕ್ಲಿಪ್ಪು... ನೋಡಿದ್ಯಾ?"

"ನಿಮ್ಮ ಶೆಡ್ಡಿನ ಸಾಮಾನು ನನಗೇನು ಗೊತ್ತು?"

ಹೇಳುವಾಗ ಗುಂಡಿ ಡಬ್ಬಿಯ ಕಡೆ ನೋಡಬಾರದು ಎಂದುಕೊಂಡೆ, ನೋಡಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇವರಿಗೆ ಗೊತ್ತಾಗಲಿಲ್ಲ, ಸದ್ಯ.

ಫೆಬ್ರವರಿ 12, ಗುರುವಾರ

ಇವತ್ತೂ ಹುಡುಕಿದರು. ಮೂರು ಡ್ರಾಯರು, ಎರಡು ಕಪಾಟು. ಸಿಗುವುದಿಲ್ಲ ಎಂದು ಗೊತ್ತಿದ್ದರೂ ಇವರು ಶೆಡ್ಡಿನಲ್ಲಿರುವಷ್ಟು ಹೊತ್ತು ನನ್ನ ಹೊಲಿಗೆ ಸೊಟ್ಟ ಹೋಗುತ್ತದೆ. ಶಾಲೆಯ ಸಮವಸ್ತ್ರ ಹನ್ನೆರಡು ಜೊತೆ ಬಾಕಿ. ದಾರ ಕತ್ತರಿಸುವ ಪುಟ್ಟ ಕತ್ತರಿಗೆ ಏನೋ ಅಂಟು ಹತ್ತಿಕೊಂಡು ಬಾಯಿ ಬಿಡುತ್ತಿಲ್ಲ. ಸೀಮೆಎಣ್ಣೆ ಹಾಕಿ ಉಜ್ಜಬೇಕಾಯಿತು. ಗುಂಡಿ ಡಬ್ಬಿಯ ಮುಚ್ಚಳವೂ ಸಡಿಲ. ನಾನೇ ಸರಿಯಾಗಿ ಒತ್ತಿರಲಿಲ್ಲವೇನೋ. ಕೈ ಹಾಕಿ ನೋಡಿದೆ, ಕ್ಲಿಪ್ಪು ತಳದಲ್ಲೇ ಇದೆ. ಬೆರಳಿಗೆ ತಾಗಿತು, ಸಮಾಧಾನವಾಯಿತು.

ಫೆಬ್ರವರಿ 19, ಗುರುವಾರ

ಹುಡುಕುವುದನ್ನು ಬಿಟ್ಟಿದ್ದಾರೆ. ನನಗೆ ಖುಷಿಯಾಗಬೇಕಿತ್ತು.

ಕುರ್ಚಿಯಲ್ಲಿ ಕೂತು ಕಿಟಕಿ ನೋಡುತ್ತಾರೆ. ರಬ್ಬರ್ ಚೆಂಡು ಹಿಸುಕುವುದು, ಬಟ್ಟೆ ಹಿಂಡುವುದು, ಯಾವ ವ್ಯಾಯಾಮವನ್ನೂ ಮಾಡುವುದಿಲ್ಲ. ಮನೆಗೆ ಬಂದು ಕೈಯ ವ್ಯಾಯಾಮ ಮಾಡಿಸುವ ಹುಡುಗಿಯನ್ನು ನಾವು ಬೆರಳಿನ ಡಾಕ್ಟರಮ್ಮ ಅನ್ನುತ್ತೇವೆ. ಅವಳು ಹೊರಡುವಾಗ ನನ್ನನ್ನು ಬಾಗಿಲ ಹೊರಗೆ ಕರೆದಳು.

"ಆಂಟಿ, ಕೈಯಲ್ಲಿ ಬಲ ಬರೋದೆಲ್ಲ ಈ ಎರಡು ಮೂರು ತಿಂಗಳಲ್ಲೇ. ಆಮೇಲೆ ಬರೋದು ತುಂಬಾ ನಿಧಾನ. ಇವರು ಪ್ರಯತ್ನಾನೇ ಮಾಡ್ತಿಲ್ಲ. ಇವರಿಗೆ ಇಷ್ಟ ಆಗೋ ಕೆಲಸ ಏನಾದ್ರೂ ಕೊಡಿ."

ಇವರಿಗೆ ಇಷ್ಟವಾಗುವ ಕೆಲಸವನ್ನು ನಾನು ಗುಂಡಿ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೇನೆ. ಕೊಟ್ಟರೆ ಕೈ ಹೋಗಬಹುದು. ಕೊಡದಿದ್ದರೂ ಕೈ ಹೋಗುತ್ತದಂತೆ. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ, ಈಗ ಅರ್ಥವಾಗುತ್ತಿದೆ.

ಫೆಬ್ರವರಿ 22, ಭಾನುವಾರ

ಕನ್ನಡಕದವರು ಬಂದಿದ್ದರು. ಮಾರುಕಟ್ಟೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ, ರಜಾದಿನ ಬಂದರೆ ಕ್ಲಬ್ಬಿನ ಮೈದಾನದಲ್ಲಿ ವಿಮಾನ. ಅವರ ವಿಮಾನಕ್ಕೆ 'ಎತ್ತು' ಎಂದು ಹೆಸರು, ಏಕೆಂದರೆ ಅದು ಇಂಜಿನ್ ಇಲ್ಲದ ಇನ್ನೊಂದು ಹಗುರ ವಿಮಾನವನ್ನು ದಾರ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮಾರ್ಚ್ 29ಕ್ಕೆ ಕ್ಲಬ್ಬಿನಲ್ಲಿ ಊರವರಿಗೆಲ್ಲ ಪ್ರದರ್ಶನವಂತೆ. ಎತ್ತಿನ ಇಂಜಿನ್ನನ್ನು ಇವರು ಕಾಯಿಲೆ ಬೀಳುವ ಮೊದಲೇ ಬಿಚ್ಚಿ ಕೂಡಿಸಿ, ಪರೀಕ್ಷೆ ಮಾಡಿಟ್ಟಿದ್ದರು.

"ಅತ್ತಿಗೆ, ಇಂಜಿನ್ ತಗೊಂಡು ಹೋಗ್ತೀನಿ. ಯಾವ ಪ್ರೊಪೆಲರ್ ಹಾಕ್ಬೇಕು ಅಂತ ಅಣ್ಣನ್ನ ಒಂದ್ಮಾತು ಕೇಳ್ಬೇಕಿತ್ತು."

ಇವರು ಮಲಗಿದ್ದರು. ಎಬ್ಬಿಸಿದರೆ ಶೆಡ್ಡಿಗೆ ಹೋಗುತ್ತಾರೆ ಎಂಬ ಭಯ ನನಗೆ. ನಾನೇ ನೋಡಿ ಹೇಳುತ್ತೇನೆ ಎಂದು ಇವರ ಪರೀಕ್ಷೆಯ ನೋಟುಬುಕ್ಕು ತೆರೆದೆ. ಚಿಕ್ಕ ಪ್ರೊಪೆಲರ್, ಹದಿನಾರು ಸಾವಿರ ಸುತ್ತು, ಹಾರ್ಸ್‌ಪವರ್ 1.6. ದೊಡ್ಡ ಪ್ರೊಪೆಲರ್, ಹತ್ತು ಸಾವಿರ ಸುತ್ತು, ಹಾರ್ಸ್‌ಪವರ್ 1.14. ಇದರಲ್ಲಿ ಕೇಳುವುದೇನು? ಯಾವುದರಲ್ಲಿ ಹೆಚ್ಚು ಬಲವೋ ಅದೇ. ಚಿಕ್ಕದನ್ನು ಕೊಟ್ಟು ಕಳಿಸಿದೆ. ಅಳತೆ ನೋಡಿ ಬಟ್ಟೆ ಕತ್ತರಿಸುವವಳಿಗೆ ಇಷ್ಟೂ ಗೊತ್ತಾಗುವುದಿಲ್ಲವೇ ಎಂದು ಸ್ವಲ್ಪ ಜಂಬವೂ ಆಯಿತು.

ಸಂಜೆ ಒಂದು ಯೋಚನೆ ಬಂತು. ಕ್ಲಿಪ್ಪು ಕನ್ನಡಕದವರ ಹತ್ತಿರವೂ ಇದೆ. ಇವರು ಫೋನು ಮಾಡಿ ಒಂದು ಕೇಳಬಹುದಿತ್ತು. ಯಾಕೋ ಕೇಳಲಿಲ್ಲ.

ಮಾರ್ಚ್ 1, ಭಾನುವಾರ

ಎತ್ತು ಬಿದ್ದಿದೆ, ತಪ್ಪು ನನ್ನದು.

ಕನ್ನಡಕದವರು ಮಧ್ಯಾಹ್ನ ಬಂದರು. ಅಂಗಿಯೆಲ್ಲ ಧೂಳು. ಎತ್ತು ನೆಲ ಬಿಟ್ಟಿತಂತೆ, ಇಂಜಿನ್ ಕಿರುಚಿಕೊಂಡಿತಂತೆ, ಆದರೆ ದಾರ ಬಿಗಿಯಾಗುತ್ತಲೇ ಮುಂದೆ ಹೋಗಲೇ ಇಲ್ಲವಂತೆ. ಮೂತಿ ಮೇಲೆ ಮಾಡಿ ಒಂದು ಕ್ಷಣ ನಿಂತು, ಬಲಕ್ಕೆ ಮಗುಚಿ ಬಿತ್ತಂತೆ. ಅವರ ಅತ್ತೆ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವರಿಂದ ನಾಲ್ಕು ಮಾರು.

"ಯಾರಿಗೂ ಏನೂ ಆಗ್ಲಿಲ್ಲ ಅತ್ತಿಗೆ. ಒಂದು ರೆಕ್ಕೆ ಮುರೀತು, ಅಷ್ಟೇ. ದಾರ ಬಿಡ್ಬೇಕಿತ್ತು, ನಾನೇ ತಡ ಮಾಡಿದೆ. ನಮ್ಮತ್ತೆ ಮಾತ್ರ ಬೇಕೂಂತಲೇ ಮಾಡಿದ್ದು ಅಂತಿದಾರೆ."

ಅವರು ನಗಿಸಲು ನೋಡಿದರು. ನನಗೆ ನಗು ಬರಲಿಲ್ಲ. ನಾಲ್ಕು ಮಾರು ಎಷ್ಟು ಎಂದು ನನಗೆ ಗೊತ್ತು, ದಿನಾ ಬಟ್ಟೆ ಅಳೆಯುತ್ತೇನೆ. ಒಂದು ದೊಡ್ಡ ಪರದೆಯಷ್ಟು.

ಅವರು ಹೋದ ಮೇಲೆ ಇವರ ಮುಂದೆ ಕೂತು ಎಲ್ಲ ಹೇಳಿದೆ. ಕ್ಲಿಪ್ಪಿನ ವಿಷಯ ಬಿಟ್ಟು. ಬೈಯುತ್ತಾರೆ ಎಂದುಕೊಂಡಿದ್ದೆ. ಇವರು ನನ್ನನ್ನೇ ನೋಡಿ, ಬಾಯಿಯ ಒಂದೇ ಪಕ್ಕದಿಂದ ನಕ್ಕರು. ಆಸ್ಪತ್ರೆಗೆ ಹೋದ ಮೇಲೆ ಇದೇ ಮೊದಲ ನಗು.

"ಎತ್ತಿಗೆ... ಕುದುರೆ ಲೆಕ್ಕ... ಹಾಕಿದ್ಯಲ್ಲೇ."

ನನಗೆ ಅಳು ಬಂತು. ಆಮೇಲೆ ಇವರು ನನ್ನ ಹೊಲಿಗೆ ಯಂತ್ರದ ಹತ್ತಿರ ಬಂದು, ಕ್ಯಾನ್ವಾಸ್ ತುಂಡನ್ನು ನಾಲ್ಕು ಮಡಿಕೆ ಮಾಡಿ ಸೂಜಿಯ ಕೆಳಗೆ ಇಡಲು ಹೇಳಿದರು. ಮೋಟಾರು ಒತ್ತಿದೆ. ಗುಂಯ್ ಎಂದು ನಿಂತಿತು. ತೆಳು ಬಟ್ಟೆಯ ಮೇಲೆ ಹೇಗೆ ಓಡುತ್ತಿತ್ತು, ಅದೇ ಮೋಟಾರು.

"ಈಗ ಏನ್ ಮಾಡ್ತೀಯ?"

ಇಪ್ಪತ್ತು ವರ್ಷದಿಂದ ಮಾಡುವುದನ್ನೇ ಮಾಡಿದೆ. ಬಲಗಡೆಯ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದೆ. ಸೂಜಿ ನಾಲ್ಕು ಮಡಿಕೆ ತೂರಿ ಕೆಳಗೆ ಹೋಯಿತು.

"ಅದು ಟಾರ್ಕು. ತಿರುಚೋ ಬಲ," ಎಂದರು. "ಆ ಬಲದಲ್ಲಿ... ನಿಮಿಷಕ್ಕೆ ಎಷ್ಟು ಸುತ್ತು ತಿರುಗಿಸ್ತೀಯ... ಅದು ಹಾರ್ಸ್‌ಪವರು. ಬಲ ಸ್ವಲ್ಪ ಕಮ್ಮಿ ಇದ್ರೂ... ಸುತ್ತು ಜಾಸ್ತಿ ಆದ್ರೆ... ಲೆಕ್ಕದಲ್ಲಿ ಹಾರ್ಸ್‌ಪವರು ಜಾಸ್ತಿ ಬರುತ್ತೆ. ಅದು ಸುಳ್ಳಲ್ಲ. ರೇಸಿಗೆ ಸರಿ. ಚಿಕ್ಕ ಪ್ರೊಪೆಲರು... ಚೂರು ಗಾಳೀನ ಜೋರಾಗಿ ಎಸೆಯುತ್ತೆ. ದೊಡ್ಡದು ಬೇಕಾದಷ್ಟು ಗಾಳೀನ... ನಿಧಾನಕ್ಕೆ ತಳ್ಳುತ್ತೆ. ಹೊರೆ ಎಳೆಯೋನಿಗೆ ಅದು ಬೇಕು. ದೊಡ್ಡದನ್ನ ತಿರುಗಿಸೋಕೆ... ಟಾರ್ಕು ಬೇಕು."

ಇಷ್ಟು ಹೇಳಲು ಕಾಲು ಗಂಟೆ ಹಿಡಿಯಿತು. ಒಂದೂವರೆ ತಿಂಗಳಲ್ಲಿ ಇವರು ಆಡಿದ ಒಟ್ಟು ಮಾತು ಇಷ್ಟಿರಲಿಲ್ಲ. ಹಣೆಯಲ್ಲಿ ಬೆವರು ಬಂದಿತ್ತು. ನಾನು ನಡುವೆ ಒಂದು ಪದವನ್ನೂ ಎತ್ತಿಕೊಡಲಿಲ್ಲ. ಬೆರಳಿನ ಡಾಕ್ಟರಮ್ಮ ಹಾಗೆ ಮಾಡಬೇಡಿ ಎಂದಿದ್ದಳು, ಇವತ್ತೇ ಮೊದಲ ಸಲ ನನ್ನಿಂದ ಆಯಿತು.

ಮಾರ್ಚ್ 5, ಗುರುವಾರ

ಶೆಡ್ಡಿಗೆ ಹೋದೆವು. ಇಬ್ಬರೂ. ಇಂಜಿನ್ ಓಡಿಸಲು ಅಲ್ಲ, ಅಳೆಯಲು.

ಇವರ ಪರೀಕ್ಷೆಯ ಮೇಜಿನ ಮೇಲೆ ಒಂದು ತೊಟ್ಟಿಲಿದೆ. ಇಂಜಿನ್ನನ್ನು ಅದಕ್ಕೆ ಬೋಲ್ಟು ಹಾಕುತ್ತಾರೆ. ಪ್ರೊಪೆಲರ್ ಒಂದು ಕಡೆ ತಿರುಗಿದರೆ ಇಂಜಿನ್ ಇನ್ನೊಂದು ಕಡೆ ಹೊರಳಲು ನೋಡುತ್ತದಂತೆ. ತೊಟ್ಟಿಲಿನಿಂದ ಇಪ್ಪತ್ತು ಸೆಂಟಿಮೀಟರಿನ ಒಂದು ಕಬ್ಬಿಣದ ತೋಳು ಹೊರಟು ಸ್ಪ್ರಿಂಗ್ ತಕ್ಕಡಿಯನ್ನು ಎಳೆಯುತ್ತದೆ. ಎಷ್ಟು ಗ್ರಾಂ ತೋರಿಸುತ್ತದೋ ಅದೇ ಟಾರ್ಕಿನ ಅಳತೆ. ಗ್ರಾಮನ್ನು ಸುತ್ತಿನ ಸಾವಿರದಿಂದ ಗುಣಿಸಿ, ಮೂರು ಸಾವಿರದ ಆರುನೂರರಿಂದ ಭಾಗಿಸಿದರೆ ಹಾರ್ಸ್‌ಪವರು. ಎತ್ತಿನ ಇಂಜಿನ್ನು ಚಿಕ್ಕ ಪ್ರೊಪೆಲರಿನಲ್ಲಿ 360 ಗ್ರಾಂ, ದೊಡ್ಡದರಲ್ಲಿ 410. ಅವತ್ತು ನೋಟುಬುಕ್ಕಿನಲ್ಲಿ ಈ ಸಾಲನ್ನು ನಾನು ನೋಡಿಯೇ ಇರಲಿಲ್ಲ.

ತೊಟ್ಟಿಲು ಖಾಲಿಯಿತ್ತು. ನನಗೆ ಏನನ್ನಿಸಿತೋ, ಇಂಜಿನ್ ಕೂರುವ ಜಾಗಕ್ಕೆ ಒಂದು ಮರದ ಹಿಡಿ ತಿರುಪು ಹಾಕಿ ಕೂರಿಸಿದೆ.

"ತಿರುಚಿ ನೋಡೋಣ."

"ನಾನೇನು... ಇಂಜಿನ್ನಾ?"

"ಸುಮ್ನೆ ತಿರುಚ್ರೀ. ನಾನು ಅಳತೆಯವಳು, ಅಳೀತೀನಿ."

ಬಲಗೈ ಹಿಡಿಯ ಮೇಲೆ ಹತ್ತಿತು. ಮುಖ ಕೆಂಪಾಯಿತು. ತಕ್ಕಡಿಯ ಮುಳ್ಳು ಅಲ್ಲಾಡಿ, 90ಕ್ಕೆ ಹೋಗಿ ಬಂತು. ತೊಂಬತ್ತು ಗ್ರಾಂ. ಒಂದು ಮುಷ್ಟಿ ಗುಂಡಿಯಷ್ಟೇ ತೂಕ. ನಾನು ಮುಳ್ಳಿನಿಂದ ಕಣ್ಣು ತೆಗೆದೆ. ಇವರು ಮಾತ್ರ ಮುಳ್ಳನ್ನೇ ನೋಡುತ್ತಾ, "ಬರಕೋ" ಎಂದರು.

ಅಳತೆ ಪುಸ್ತಕದ ಮುಂದಿನ ಭಾಗದಲ್ಲಿ, ಗಿರಾಕಿಗಳ ಸಾಲಿನಲ್ಲಿ, ಇವರಿಗೊಂದು ಪುಟ ಮಾಡಿ ಬರೆದುಕೊಂಡೆ.

ಮಾರ್ಚ್ 10, ಮಂಗಳವಾರ

130. ನಿನ್ನೆ 120, ಮೊನ್ನೆ 125. ನಿನ್ನೆ ಯಾಕೆ ಇಳಿಯಿತು ಎಂದು ಇಡೀ ಬೆಳಿಗ್ಗೆ ಹೆದರಿದ್ದೆ. ಮತ್ತೆ ಆಘಾತವೇ? ಬೆರಳಿನ ಡಾಕ್ಟರಮ್ಮ, ಸುಸ್ತು ಆಂಟಿ, ಅಷ್ಟೇ ಎಂದಳು. ಅವಳೂ ಹಿಡಿಯನ್ನು ತಿರುಚಿ ನೋಡಿದಳು. ತಕ್ಕಡಿ ಕೊನೆಗೆ ಹೋಗಿ ಟಕ್ ಎಂದು ಬಡಿಯಿತು. ಇವರು, ಮುರಿದೀಯಮ್ಮಾ, ಎಂದರು. ಒಂದೇ ಉಸಿರಿಗೆ ಬಂದ ಮಾತು.

ಮಾರ್ಚ್ 15, ಭಾನುವಾರ

ಕನ್ನಡಕದವರು ಎತ್ತಿನ ಇಂಜಿನ್ನನ್ನು ವಾಪಸು ತಂದಿಟ್ಟಿದ್ದಾರೆ. ಬಿದ್ದಾಗ ಪೆಟ್ಟಾಗಿದೆಯೋ ಇಲ್ಲವೋ ನೋಡಿ ಕೊಡಬೇಕು, ಪ್ರದರ್ಶನಕ್ಕೆ ಎರಡು ವಾರ. ನೋಡುವುದೆಂದರೆ ಓಡಿಸುವುದು. ಇವರು ಇಂಜಿನ್ನನ್ನೇ ನೋಡುತ್ತಿದ್ದರು. ನಾನು ಓಡಿಸದಿದ್ದರೆ ಇವರು ಓಡಿಸುತ್ತಾರೆ. ಇವರ ಕೈ ಈಗ 160 ಗ್ರಾಂ, ಚುರುಕು ಇನ್ನೂ ಬಂದಿಲ್ಲ.

ಊಟವಾದ ಮೇಲೆ ಗುಂಡಿ ಡಬ್ಬಿ ತಂದು ಮೇಜಿನ ಮೇಲೆ ಸುರಿದೆ. ಸತ್ಯ ಹೇಳಿಬಿಡೋಣ ಎಂದು. ಗುಂಡಿಗಳ ನಡುವೆ ಕ್ಲಿಪ್ಪು ಬಿತ್ತು. ಕೈಗೆತ್ತಿಕೊಂಡೆ.

ನಾನು ಇಟ್ಟಾಗ ಅದರ ವೈರು ಸುಲಿದು ತಾಮ್ರ ಕಾಣುತ್ತಿತ್ತು. ಈಗ ಕಪ್ಪು ಟೇಪು ಸುತ್ತಿತ್ತು. ಸೊಟ್ಟಸೊಟ್ಟ, ಒಂದು ಕಡೆ ಮೂರು ಸುತ್ತು, ಇನ್ನೊಂದು ಕಡೆ ಒಂದೇ. ತುದಿ ಹಲ್ಲಿನಿಂದ ಕಚ್ಚಿದ ಹಾಗೆ. ಇವರು ಮೂವತ್ತು ವರ್ಷದಲ್ಲಿ ಇಷ್ಟು ಕೆಟ್ಟದಾಗಿ ಟೇಪು ಸುತ್ತಿದ್ದು ನಾನು ನೋಡಿಲ್ಲ. ಎಡಗೈಯೊಂದರಿಂದ ಸುತ್ತಿದ ಟೇಪು. ನನ್ನ ಕತ್ತರಿಯ ಅಂಟು ಎಲ್ಲಿಂದ ಬಂತೆಂದು ಆಗ ಗೊತ್ತಾಯಿತು.

ಸಿಕ್ಕಿತ್ತು ಇವರಿಗೆ. ಒಂದೇ ವಾರದಲ್ಲಿ ಸಿಕ್ಕಿತ್ತು. ತೆಗೆದು, ರಿಪೇರಿ ಮಾಡಿ, ಮತ್ತೆ ನನ್ನ ಗುಂಡಿಗಳ ಕೆಳಗೇ ಇಟ್ಟು, ಮುಚ್ಚಳ ಸರಿಯಾಗಿ ಒತ್ತಲಾಗದೆ ಬಿಟ್ಟು, ಆಮೇಲೂ ಡ್ರಾಯರು ಎಳೆದು ಎಳೆದು ಹುಡುಕಿದ್ದಾರೆ.

"ಸಿಕ್ತಾ?" ಎಂದರು, ಕಿಟಕಿಯ ಕಡೆ ನೋಡುತ್ತಾ.

"ಸಿಕ್ತು."

"ಒಳ್ಳೇದಾಯ್ತು."

ನಾನು ಒಳಗೆ ಬಂದು ನೀರು ಕುಡಿದೆ. ಇಷ್ಟು ದಿನ ಇವರಿಂದ ಇವರ ಕೈಯನ್ನು ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದೆ. ಇವರಿಗೂ ಹೆದರಿಕೆ. ನನಗಿಂತ ಹೆಚ್ಚೇ ಇರಬೇಕು. ಹೇಳಲು ಬಾಯಿ ಬರದೆ, ಹೆಂಡತಿ ಬಚ್ಚಿಟ್ಟಿದ್ದಾಳೆ ಎಂಬ ನೆಪದ ಹಿಂದೆ ಕೂತಿದ್ದರು. ಇಪ್ಪತ್ತಾರು ವರ್ಷ ಈ ಮನುಷ್ಯನನ್ನು ಗಟ್ಟಿಗ ಎಂದು ನಂಬಿ ಮನೆಯ ಹೆದರಿಕೆಯನ್ನೆಲ್ಲ ನಾನೊಬ್ಬಳೇ ಹೊತ್ತಿದ್ದೆ. ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ ಇವರ ಮೇಲೆ ಪ್ರೀತಿ ಬಂತು, ಅದನ್ನೂ ಬರೆದಿಡುತ್ತೇನೆ.

ಮಾರ್ಚ್ 17, ಮಂಗಳವಾರ

ನಾನು ಇಂಜಿನ್ ಹೊತ್ತಿಸಿದೆ.

ಮೊಳೆಯಿಂದ ಕೋಲು ತೆಗೆದುಕೊಂಡಾಗ ಇವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಜಾಗ ಬಿಟ್ಟರು. ಆಮೇಲೆ ನನ್ನ ಕಾಲು ತಾನಾಗಿ ಹೊಸಿಲ ಕಡೆ ಹೊರಟಿತು. ಹೊರಗೆ ಬಂದೆ, ಟೀ ಇಟ್ಟಿದ್ದೇನೆಂದು ಸುಳ್ಳು ಹೇಳಿದೆ, ಮತ್ತೆ ಒಳಗೆ ಹೋದೆ. ಇವರು ಕುರ್ಚಿಯಲ್ಲಿ ಕೂತು ಒಂದೊಂದೇ ಹೇಳಿದರು. ತೋಳಿನ ಗುಂಡಿ ಹಾಕು. ಕೂದಲು ಕಟ್ಟು. ಪ್ರೊಪೆಲರಿನ ನೇರಕ್ಕೆ ಮುಖ ತರಬೇಡ. ಎಣ್ಣೆ ಎರಡು ಹನಿ. ಕ್ಲಿಪ್ಪು. ಈಗ ಪೆಟ್ಟು.

ಹೊಡೆದೆ, ಏನೂ ಆಗಲಿಲ್ಲ. ಹೊಡೆದೆ, ಏನೂ ಇಲ್ಲ. ಹದಿನಾಲ್ಕು ಸಲ. ಐದನೆಯ ಸಲ ಅದು ಹಿಂದಕ್ಕೆ ಒದೆದು ಕೋಲು ಹಾರಿ ಗೋಡೆಗೆ ಬಡಿಯಿತು. ನಾನು ಬೆರಳುಗಳನ್ನು ಎಣಿಸಿಕೊಂಡೆ, ನಿಜವಾಗಿಯೂ ಎಣಿಸಿದೆ. ಹತ್ತೂ ಇದ್ದವು. ಹದಿನೈದನೆಯದಕ್ಕೆ ಇಡೀ ಶೆಡ್ಡು ಕಿರುಚಿತು. ಪ್ರೊಪೆಲರ್ ಕಾಣೆಯಾಗಿ ಬರೀ ಗಾಳಿ ಉಳಿಯಿತು. ನಾನೂ ಕಿರುಚಿದೆನಂತೆ, ನನಗೆ ಕೇಳಿಸಲಿಲ್ಲ.

"ಹಿಂದಿನಿಂದ ಬಾ," ಎಂದು ಇವರು ಕೈ ಸನ್ನೆ ಮಾಡಿದರು. "ಕ್ಲಿಪ್ಪು ತೆಗಿ. ಎಣ್ಣೆ ಬಿಡೋ ಸೂಜಿ ತಿರುಪು ತಿರುಗಿಸು... ಇನ್ನೂ... ಕೇಳು... ಸಾಕು."

ಚಿಕ್ಕ ಪ್ರೊಪೆಲರ್, 355. ನಿಲ್ಲಿಸಿ, ದೊಡ್ಡದು ಹಾಕಿ ಮತ್ತೆ ಓಡಿಸಿದೆವು, 410. ಇಂಜಿನ್ನಿಗೆ ಏನೂ ಆಗಿಲ್ಲ. ಇನ್ನೊಮ್ಮೆ ಇದನ್ನು ಮಾಡುವ ಧೈರ್ಯ ನನಗಿಲ್ಲ.

ಮಾರ್ಚ್ 20, ಶುಕ್ರವಾರ

ಮತ್ತೆರಡು ಇಂಜಿನ್. ಒಂದು ನಾಲ್ಕನೆಯ ಪೆಟ್ಟಿಗೆ ಹೊತ್ತಿತು, ಒಂದು ಆರನೆಯದಕ್ಕೆ. ಬಟ್ಟೆಗೆಲ್ಲ ಇಂಜಿನ್ನಿನ ಎಣ್ಣೆಗೆ ಬೆರೆಸುವ ಹರಳೆಣ್ಣೆಯ ವಾಸನೆ, ಸಮವಸ್ತ್ರ ಕೊಡುವ ಮುಂಚೆ ಒಗೆಯಬೇಕು. ಇವರ ಕೈ 215. ಸದ್ದು ಸ್ವಲ್ಪ ಗೊರಗೊರ ಅಂದರೆ ಎಣ್ಣೆ ಹೆಚ್ಚು, ತೆಳ್ಳಗೆ ಕೀರಿದರೆ ಕಡಿಮೆ. ಹೆದರಿಕೆ ಹಾಗೇ ಇದೆ.

ಮಾರ್ಚ್ 24, ಮಂಗಳವಾರ

ಕನ್ನಡಕದವರ ಜೊತೆ ಜಗಳ. ಪ್ರದರ್ಶನದ ದಿನ ಚಿಕ್ಕ ಪ್ರೊಪೆಲರೇ ಇರಲಿ, ಸದ್ದು ಜೋರು, ಜನಕ್ಕೆ ಖುಷಿ ಎಂದರು. ಸದ್ದಿನಿಂದ ಹೊರೆ ಏಳುತ್ತದೆಯೇ, ನಿಮ್ಮ ಅತ್ತೆಯನ್ನು ಈ ಸಲ ಎಷ್ಟು ಮಾರು ದೂರ ಕೂರಿಸುತ್ತೀರಿ ಎಂದು ಕೇಳಿದೆ. ದೊಡ್ಡದನ್ನು ಕೈಯಲ್ಲಿಟ್ಟು ಕಳಿಸಿದೆ. ಅವರು ಹೋಗುತ್ತಾ, "ಅಣ್ಣನ ಬಾಯಿ ನಿಮಗೆ ಬಂದಿದೆ" ಎಂದರು. ಏನು ಹಾಗೆಂದರೆ, ತಿಳಿಯಲಿಲ್ಲ.

ಮಾರ್ಚ್ 28, ಶನಿವಾರ

ಇವರು ನಾಳೆ ಮೈದಾನಕ್ಕೆ ಬರುತ್ತಾರಂತೆ. ಬಂದು ಕುರ್ಚಿಯಲ್ಲಿ ಕೂತರೆ ಸರಿ. ಆದರೆ ಬಲಗೈಯ ಉಗುರನ್ನು ಕತ್ತರಿಸಿಕೊಡು ಎಂದು ಕೇಳಿದರು. ಇಂಜಿನ್ ಹೊತ್ತಿಸುವ ದಿನಗಳಲ್ಲಿ ಮಾತ್ರ ಇವರು ಹಾಗೆ ಕೇಳುತ್ತಿದ್ದದ್ದು. ಕತ್ತರಿಸಿದೆ. ಒಂದೊಂದು ಬೆರಳನ್ನೂ ಹಿಡಿದುಕೊಂಡು, ಇದು ನಾಳೆ ಸಂಜೆಗೂ ಇರಲಿ, ಇದೂ ಇರಲಿ ಎಂದು ಒಳಗೊಳಗೇ ಬೇಡಿಕೊಂಡೆ. ಬೇಡ ಅನ್ನಬೇಕೆಂದುಕೊಂಡೆ. ಅದರ ಬದಲು ಎಡಗೈಯ ಉಗುರನ್ನೂ ಕತ್ತರಿಸಿದೆ.

ಮಾರ್ಚ್ 29, ಭಾನುವಾರ

ಮೈದಾನದ ತುಂಬ ಜನ. ಹಗ್ಗ ಕಟ್ಟಿ ಜನರನ್ನು ದೂರ ನಿಲ್ಲಿಸಿದ್ದರು. ಹಗ್ಗದ ಒಳಗೆ ಕ್ಲಬ್ಬಿನ ಹದಿನೈದು ಇಪ್ಪತ್ತು ಮಂದಿ, ಎಲ್ಲರೂ ಇವರ ಕೈಯಲ್ಲಿ ಪಳಗಿದ ಇಂಜಿನ್ ಹಾರಿಸುವವರು, ಆ ಕೋಲು ಹಿಡಿದು ಇವರ ಬಾಯಿಂದ ಪುಕ್ಕಲರು ಅನ್ನಿಸಿಕೊಂಡವರು. ಕೆಲವರು ಎದ್ದು ಬಂದು ಇವರ ಎಡಗೈ ಕುಲುಕಿದರು. ಬಲಗೈಯ ಕಡೆ ಯಾರೂ ನೋಡಲಿಲ್ಲ, ನೋಡದಿರುವುದು ಎದ್ದು ಕಾಣುತ್ತಿತ್ತು.

ನಾನು ಎತ್ತಿನ ಹಿಂದೆ ಮಂಡಿಯೂರಿ ಬಾಲ ಹಿಡಿದುಕೊಂಡೆ. ಕೋಲು ನನ್ನ ಮಡಿಲಲ್ಲಿತ್ತು. ಎಣ್ಣೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಮುಂದೆ ಹೋಗೋಣ ಎಂದು ಏಳುವಷ್ಟರಲ್ಲಿ ಇವರು ಬಂದರು. ಕಾಲು ಎಳೆಯುತ್ತಾ ಬಂದು, ಎಡಗೈ ನೆಲಕ್ಕೆ ಊರಿ, ಪ್ರೊಪೆಲರಿನ ಪಕ್ಕದಲ್ಲಿ ಕೂತರು.

ಬಲಗೈ ಮೇಲೆ ಎದ್ದಿತು. ತಾನಾಗಿಯೇ ಎದ್ದಿತು, ಎಡಗೈ ಎತ್ತಲಿಲ್ಲ. ಬೆರಳುಗಳು ಪ್ರೊಪೆಲರಿನಿಂದ ಒಂದು ಗೇಣು ದೂರದಲ್ಲಿ ನಿಂತವು. ಸಣ್ಣಗೆ ನಡುಗುತ್ತಿದ್ದವು. ನನ್ನ ಕಣ್ಣಿಗೆ ಬಿಳಿ ಅಂಗಿಯ ತೋಳು ಬಂತು. ಈಗ ಹಿಡಿದು ಎಳೆಯಬೇಕು, ಎಲ್ಲರೆದುರಿಗೆ ಅವಮಾನವಾದರೂ ಸರಿ, ಎಂದುಕೊಂಡೆ. ಬಾಲ ಬಿಟ್ಟರೆ ಇಂಜಿನ್ ಹೊತ್ತಿದ ಕ್ಷಣವೇ ವಿಮಾನ ಮುಂದೆ ನುಗ್ಗುತ್ತದೆ, ಹಿಡಿದರೆ ಇವರನ್ನು ತಡೆಯಲಾಗದು.

ಇವರು ತಿರುಗಿ ನನ್ನ ಮುಖ ನೋಡಿದರು.

"ಪುಕ್ಕಲರ ಕೋಲು ಕೊಡೇ," ಎಂದರು.

ಗಟ್ಟಿಯಾಗಿ ಎಂದರು. ಒಂದೇ ಉಸಿರಿಗೆ, ಒಂದು ಪದವೂ ತಡೆಯದೆ. ಎಲ್ಲರಿಗೂ ಕೇಳಿಸಿತು. ಯಾರೂ ನಗಲಿಲ್ಲ. ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡರು.

ಕೋಲು ಕೊಟ್ಟೆ. ಇವರ ಮುಷ್ಟಿ ಮುಚ್ಚಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲ ಪೆಟ್ಟು ಜಾರಿತು. ಎರಡನೆಯದಕ್ಕೆ ಒಮ್ಮೆ ಕೆಮ್ಮಿ ನಿಂತಿತು. ಮೂರನೆಯದಕ್ಕೆ ಹೊತ್ತಿಕೊಂಡಿತು. ಕೈ ತೆಗೆಯುವುದು ತಡವಾಯಿತು, ರಬ್ಬರಿನ ತುದಿಯನ್ನು ಪ್ರೊಪೆಲರ್ ಕಚ್ಚಿಕೊಂಡು ಹೋಯಿತು. ಕಚ್ಚಿದ್ದು ರಬ್ಬರನ್ನು. ನಾನು ಹಿಂದಿನಿಂದ ಕ್ಲಿಪ್ಪು ತೆಗೆದೆ. ಸದ್ದು ಸ್ವಲ್ಪ ಗೊರಗೊರ ಅನ್ನುತ್ತಿತ್ತು, ಸೂಜಿ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ ಬಾಲ ಬಿಟ್ಟೆ.

ಎತ್ತು ಓಡಿತು, ಎದ್ದಿತು. ದಾರ ಬಿಗಿಯಾಯಿತು. ಒಂದು ಕ್ಷಣ ನಿಂತ ಹಾಗೆ ಕಂಡಿತು. ಆಮೇಲೆ ಅವಸರವಿಲ್ಲದೆ ತನ್ನ ಹೊರೆ ಎಳೆದುಕೊಂಡು ಮೇಲೆ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಕನ್ನಡಕದವರ ಅತ್ತೆ ಹಗ್ಗದಾಚೆ ಬಹಳ ದೂರ ಕೂತಿದ್ದರು, ಅಲ್ಲಿಂದಲೇ ಕೈ ಎತ್ತಿದರು. ಇವರು ಮೇಲೆ ನೋಡಲಿಲ್ಲ. ತಮ್ಮ ಬೆರಳುಗಳನ್ನು ನೋಡುತ್ತಾ ಕೂತಿದ್ದರು.

ನಾನೂ ನೋಡಿದೆ. ಐದೂ ಇವೆ.

ಮಾರ್ಚ್ 30, ಸೋಮವಾರ

ಇವತ್ತು 240. ಇಂಜಿನ್ನಿನ 410ಕ್ಕೆ ಇನ್ನೂ ದೂರ. ನನಗೆ ನಿನ್ನೆಯ ಹೆದರಿಕೆ ಇನ್ನೂ ಇಳಿದಿಲ್ಲ, ಇವರಿಗೂ ಇಳಿದಿಲ್ಲವಂತೆ. ಟೀ ಕುಡಿಯುವಾಗ ತಾವಾಗಿಯೇ ಹೇಳಿದರು.

ಕೋಲಿನ ತುದಿ ತಿಂದುಹೋಗಿದೆ, ಹೊಸ ರಬ್ಬರು ಹಾಕಬೇಕು. ಹಿಡಿಯೂ ಇವರ ಮುಷ್ಟಿಗೆ ಸಣ್ಣದು, ಜಾರುತ್ತದೆ. ಉಳಿದ ಕ್ಯಾನ್ವಾಸಿನಲ್ಲಿ ದಪ್ಪಗೆ ಗವಸು ಹೊಲಿಯುತ್ತೇನೆ. ಕ್ಯಾನ್ವಾಸು ಎರಡಕ್ಕೆ ಸಾಲುತ್ತದೆ. ಎರಡು ಕೋಲು ಮಾಡುತ್ತೇನೆ, ಒಂದು ನನಗೆ ಬೇಕು.